ಮಿದುಳಿನ ಸಂಶೋಧನೆಯೂ ಅದರ ಆಡಳಿತವೂ

ಮಿದುಳಿನ ರಚನೆಯನ್ನು ಸಮಗ್ರವಾಗಿ ಅರಿಯುವ ಕಾರ್ಯವು ಒಬ್ಬ ವಿದ್ವಾಂಸನ ಆಯುಷ್ಯಕ್ಕೂ ಒಂದು ಪ್ರಯೋಗಶಾಲೆಯ ಶಕ್ತಿಗೂ ಮೀರಿದುದೆಂಬ ತಿಳಿವಳಿಕೆ ಇಂದು ನಿನ್ನೆಯದಲ್ಲ. ಲೈಪ್‌ಜಿಗ್‌ನ ಅಂಗರಚನಾಶಾಸ್ತ್ರಜ್ಞ ವಿಲ್‌ಹೆಲ್ಮ್ ಹಿಸ್ ಅವರು 1901ರಲ್ಲಿ ಪ್ಯಾರಿಸ್‌ನಲ್ಲಿ ನೆರೆದ ವಿದ್ವತ್ಪರಿಷತ್ತುಗಳ ಅಂತಾರಾಷ್ಟ್ರೀಯ ಸಂಘದ ಮುಂದೆ ಈ ಮಾತನ್ನೇ ಮಂಡಿಸಿದರು. ಅದರ ಫಲವಾಗಿ 1903ರಲ್ಲಿ ಲಂಡನ್‌ನಲ್ಲಿ ಮಿದುಳು ಆಯೋಗವೊಂದು ರೂಪುಗೊಂಡಿತು. ಬರ್ಲಿನ್‌ನ ವಾಲ್ಡೆಯರ್ ಅದರ ಅಧ್ಯಕ್ಷರಾದರು. ಮ್ಯಾಡ್ರಿಡ್‌ನ ಕಹಾಲ್, ಜೂರಿಕ್‌ನ ಮೊನಾಕೋವ್, ವಿಯೆನ್ನಾದ ಓಬರ್‌ಸ್ಟೈನರ್ ಮೊದಲಾದವರ ಸಂಸ್ಥೆಗಳು ಆಯೋಗದ ಅಂಗಗಳೆನಿಸಿದುವು. ಇದೇ ಉದ್ದೇಶಕ್ಕೆಂದು 1909ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೊಸ ಸಂಸ್ಥೆಯೇ ತೆರೆಯಿತು. ಸಂಸ್ಥೆಗಳ ವೆಚ್ಚವನ್ನು ಆಯಾ ದೇಶವೇ ಹೊರಬೇಕಾಗಿದ್ದಿತು. ಆಯೋಗಕ್ಕಿದ್ದುದು ಗೌರವವೇ ಹೊರತು ಅಧಿಕಾರವಲ್ಲ. ಒಂದನೆಯ ಮಹಾಯುದ್ಧ ಬಂದೊಡನೆ ಆ ಕೂಟ ಚದುರಿಹೋಯಿತು.

ನೂರು ವರ್ಷಗಳ ತರುವಾಯ ಇದೇ ಯುರೋಪಿನಲ್ಲಿ ಇದಕ್ಕೆ ವಿಪರೀತವಾದ ಪರಿಸ್ಥಿತಿಯೊಂದು ಒದಗಿತು. ಈ ಸಲ ಹಣವಿದ್ದಿತು, ಅಧಿಕಾರವೂ ಇದ್ದಿತು. ಅವೆರಡೂ ಸೇರಿದ ಸ್ಥಳವೇ ತೊಡಕಿಗೆ ಕಾರಣವಾಯಿತು.

ಯುರೋಪಿಯನ್ ಕಮಿಷನ್ 2013ರ ಜನವರಿಯಲ್ಲಿ ಎರಡು ಮಹಾಯೋಜನೆಗಳನ್ನು ಘೋಷಿಸಿತು. ಒಂದು ಗ್ರಾಫೀನ್ ಎಂಬ ವಸ್ತುವಿಗೆ ಸಂಬಂಧಿಸಿದುದು. ಮತ್ತೊಂದು ‘ಹ್ಯೂಮನ್ ಬ್ರೇನ್ ಪ್ರಾಜೆಕ್ಟ್’, ಅಂದರೆ ಮಾನವ ಮಿದುಳಿನ ಯೋಜನೆ. ಹತ್ತು ವರ್ಷಗಳಲ್ಲಿ ಒಂದೊಂದಕ್ಕೂ 100 ಕೋಟಿ ಯೂರೋಗಳವರೆಗೆ ದೊರೆಯಬಹುದೆಂಬ ನಿರೀಕ್ಷೆಯಿದ್ದಿತು. ಎರಡನೆಯದರ ಪ್ರವರ್ತಕರು ಸ್ವಿಟ್ಜರ್‌ಲೆಂಡಿನ ಲೊಸಾನ್ ತಾಂತ್ರಿಕ ವಿದ್ಯಾಲಯದ ಹೆನ್ರಿ ಮಾರ್ಕ್ರಮ್. ಐಬಿಎಂ ಸಂಸ್ಥೆಯ ನೆರವಿನಿಂದ 2005ರಿಂದಲೇ ಮಿದುಳಿನ ಜೀವಕೋಶಗಳನ್ನು ಗಣಕಯಂತ್ರದಲ್ಲಿ ಪುನಾರಚಿಸುವ ಕೆಲಸದಲ್ಲಿ ಅವರು ತೊಡಗಿದ್ದರು. ಹತ್ತು ವರ್ಷಗಳಲ್ಲಿ ಮಾನವನ ಮಿದುಳನ್ನೇ ಹೀಗೆ ನಿರ್ಮಿಸಬಹುದೆಂದು 2009ರಲ್ಲಿ ಆಕ್ಸ್‌ಫರ್ಡ್‌ನ ಸಭೆಯೊಂದರಲ್ಲಿ ಅವರು ಹೇಳಿದ್ದುಂಟು. ವಿಜ್ಞಾನಿಗಳ ಬಾಯಲ್ಲಿ ಗಡುವಿನ ಮಾತು ಬಂದಾಗ ಕೇಳುವವರು ತುಸು ಎಚ್ಚರದಿಂದಿರುವುದು ಲೇಸು.

ಕಾರ್ಯಾರಂಭವಾದುದು 2013ರ ಅಕ್ಟೋಬರ್ 1ರಂದು. ಮೊದಲ 30 ತಿಂಗಳ ಅವಧಿಗೆ ಕಮಿಷನ್ ಕೊಟ್ಟ ಹಣ 5.4 ಕೋಟಿ ಯೂರೋ. ಎಂಬತ್ತಕ್ಕೂ ಮಿಕ್ಕ ಸಂಸ್ಥೆಗಳು ಕೂಡಿಕೊಂಡಿದ್ದುವು. ಕೆಲಸವನ್ನು 13 ಉಪಯೋಜನೆಗಳಾಗಿ ಹಂಚಲಾಗಿದ್ದಿತು: ಇಲಿಯ ಮಿದುಳು, ಮಾನವನ ಮಿದುಳು, ಜ್ಞಾನಗ್ರಹಣ, ಸಿದ್ಧಾಂತ, ಗಣನೆ, ವೈದ್ಯಕೀಯ, ನೀತಿವಿಚಾರ ಇತ್ಯಾದಿ. ಹದಿಮೂರನೆಯದು ಆಡಳಿತ. ಆಡಳಿತವೂ ಒಂದು ಉಪಯೋಜನೆಯಾಗಿ ಕ್ರಮಸಂಖ್ಯೆ ಪಡೆಯಿತೆಂಬುದು ಕುತೂಹಲಕರ ಸಂಗತಿ. ಎಲ್ಲಕ್ಕೂ ಮೇಲೆ ಮಾರ್ಕ್ರಮ್, ಹೈಡೆಲ್‌ಬರ್ಗ್‌ನ ಕಾರ್ಲ್‌ಹೈನ್ಸ್ ಮೈಯರ್, ಲೊಸಾನ್‌ನ ರಿಚರ್ಡ್ ಫ್ರಾಕೋವಿಯಾಕ್ ಈ ಮೂವರ ಕಾರ್ಯಕಾರಿ ಸಮಿತಿಯಿದ್ದಿತು.

ಒಡಕು ಕಾಣಿಸಿಕೊಂಡುದು 2014ರಲ್ಲಿ. ಮುಂದಿನ ಅವಧಿಯ ಯೋಜನೆಯನ್ನು ಸಿದ್ಧಪಡಿಸುವಾಗ ಜ್ಞಾನಗ್ರಹಣದ ಉಪಯೋಜನೆಯನ್ನು ಮೂಲಯೋಜನೆಯಿಂದ ಕೈಬಿಡಲಾಯಿತು. ಪ್ಯಾರಿಸ್‌ನ ಸ್ತಾನಿಸ್ಲಾಸ್ ದೆಹೇನ್ ಅವರ ನೇತೃತ್ವದಲ್ಲಿದ್ದ ಈ ಭಾಗವು ಜೀವಂತ ಮಿದುಳು ಯೋಚಿಸುವ ಬಗೆಯನ್ನು ಪರಿಶೀಲಿಸುತ್ತಿದ್ದಿತು. ಹೊರಬಿದ್ದವರು ‘ಪಾಲುದಾರಿಕೆ’ಯ ಹೆಸರಿನಲ್ಲಿ ತಂತಮ್ಮ ದೇಶಗಳಿಂದ ಹಣ ತರಬೇಕಾಗುತ್ತಿದ್ದಿತು. ಜುಲೈ 7ರಂದು 150ಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಮಾಡಿದ ಬಹಿರಂಗ ಪತ್ರವೊಂದು ಕಮಿಷನ್ನಿಗೆ ಹೋಯಿತು. ಯೋಜನೆಯ ಗುಣವನ್ನೂ ಆಡಳಿತವನ್ನೂ ಸ್ವತಂತ್ರ ಪರೀಕ್ಷಕರು ಪರಿಶೀಲಿಸಬೇಕು, ಇಲ್ಲವಾದರೆ ಪಾಲುದಾರಿಕೆಯ ಹಣಕ್ಕೆ ತಾವು ಅರ್ಜಿ ಹಾಕುವುದಿಲ್ಲ, ಎಂಬುದು ಅದರ ಸಾರ. ಕೆಲವೇ ದಿನಗಳಲ್ಲಿ ಸಹಿಗಳು ನೂರುಗಳ ಲೆಕ್ಕದಲ್ಲಿ ಏರಿದುವು. ಪತ್ರದ ಹಿಂದಿದ್ದ ಪ್ರಮುಖರಲ್ಲಿ ಲಿಸ್ಬನ್‌ನ ಜಾಕರಿ ಮೈನನ್, ಜಿನೀವಾದ ಅಲೆಕ್ಸಾಂಡರ್ ಪೂಜೆ ಇದ್ದರು.

ಈ ಕಲಹದಲ್ಲಿ ಎರಡು ವಿಷಯಗಳು ಬೆರೆತಿದ್ದುವು. ಜೀವಕೋಶದಿಂದ ತೊಡಗಿ ಮೇಲಕ್ಕೆ ಕಟ್ಟುತ್ತ ಹೋದರೆ ಮಿದುಳು ಅರ್ಥವಾದೀತೇ ಎಂಬುದು ವಿಜ್ಞಾನದ ಪ್ರಶ್ನೆ. ಅದನ್ನು ಯಾವ ಸಮಿತಿಯೂ ಮತ ಎಣಿಸಿ ತೀರ್ಮಾನಿಸಲಾರದು. ಹಣವನ್ನು ಯಾರು ಹಂಚಬೇಕು, ಹಂಚಿದುದನ್ನು ಯಾರು ನೋಡಬೇಕು ಎಂಬುದು ಬೇರೆ ಪ್ರಶ್ನೆ. ಜರ್ಮನಿಯ ಯೂಲಿಖ್ ಸಂಶೋಧನ ಕೇಂದ್ರದ ಮುಖ್ಯಸ್ಥ ವೋಲ್ಫ್‌ಗಾಂಗ್ ಮಾರ್ಕ್ವಾರ್ಟ್ ಅವರ ಮಧ್ಯಸ್ಥಿಕೆಯ ಸಮಿತಿಯು 2015ರ ಮಾರ್ಚ್‌ನಲ್ಲಿ ಕೊಟ್ಟ ವರದಿಯು ಈ ಎರಡನೆಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಮಾರ್ಕ್ರಮ್ ಅವರು ಯೋಜನೆಯ ಸಂಯೋಜಕ ಸಂಸ್ಥೆಯ ಪರವಾಗಿ ವ್ಯವಹರಿಸುತ್ತಿದ್ದರು. ನಿರ್ಣಯ ಕೈಗೊಳ್ಳುವ ಮಂಡಲಿಗಳಿಗೂ ಅವರೇ ಅಧ್ಯಕ್ಷರು. ಸಲಹಾಮಂಡಲಿಗಳಿಗೆ ವರದಿ ಒಪ್ಪಿಸುವವರೂ ಅವರೇ, ಅವುಗಳಲ್ಲಿ ಕುಳಿತು ಅದನ್ನು ಕೇಳುವವರೂ ಅವರೇ. ನಿರ್ಣಯ ಮಾಡುವವರಲ್ಲಿ ಅನೇಕರು ಆ ನಿರ್ಣಯದ ಫಲಾನುಭವಿಗಳೂ ಆಗಿದ್ದರು. ಬೇಲಿಯೇ ಎದ್ದು ಹೊಲ ಮೇಯಿತೆನ್ನುವುದು ಇಲ್ಲಿ ಅನ್ಯಾಯದ ಮಾತಾದೀತು, ಯಾರೂ ಹಣ ನುಂಗಿದವರಲ್ಲ. ಆದರೆ ಚೀಟಿ ಬರೆದವನೇ ಅದಕ್ಕೆ ಮಂಜೂರಾತಿಯನ್ನೂ ಕೊಡುವ ಕಚೇರಿಯಲ್ಲಿ ಲೆಕ್ಕ ಎಷ್ಟೇ ಚೊಕ್ಕಟವಾಗಿದ್ದರೂ ಹೊರಗಿನವನ ಸಂಶಯ ನೀಗದು. ಲೆಕ್ಕದ ಮನೆಗಳು ಬಹುಕಾಲದಿಂದ ಅರಿತ ಈ ಸಾಮಾನ್ಯ ನಿಯಮವನ್ನು ಅಷ್ಟು ಮಂದಿ ಮೇಧಾವಿಗಳು ಕಡೆಗಣಿಸಿದುದು ಆಶ್ಚರ್ಯವೇ ಸರಿ.

2015ರ ಆರಂಭದಲ್ಲಿಯೇ ಮೂವರ ಕಾರ್ಯಕಾರಿ ಸಮಿತಿಯನ್ನು ವಿಸರ್ಜಿಸುವ ನಿರ್ಣಯವಾಯಿತು. ಹೊಣೆಯನ್ನು ಒಂದು ವಿದ್ಯಾಲಯದ ಮೇಲೆ ಬಿಡದೆ ಸಂಯುಕ್ತ ಸಂಸ್ಥೆಗೆ ವಹಿಸಬೇಕೆಂದೂ ಜ್ಞಾನಗ್ರಹಣದ ಸಂಶೋಧನೆಯನ್ನು ಮರಳಿ ಸೇರಿಸಿಕೊಳ್ಳಬೇಕೆಂದೂ ಮಧ್ಯಸ್ಥರು ಸೂಚಿಸಿದರು. 2016ರಿಂದ ವಿಜ್ಞಾನವಿಭಾಗದ ನಾಯಕತ್ವ ಯೂಲಿಖ್‌ನ ಕಾಟ್ರಿನ್ ಆಮುಂಟ್ಸ್ ಅವರಿಗೆ ಬಂದಿತು. ಮಿದುಳನ್ನು ಕಟ್ಟುವ ಹಂಬಲ ಹಿಂದೆ ಸರಿದು, ಎಲ್ಲರೂ ಬಳಸಬಹುದಾದ ನಕ್ಷೆಗಳನ್ನೂ ಗಣನಸಾಧನಗಳನ್ನೂ ಒದಗಿಸುವ ಗುರಿ ಮುಂದೆ ಬಂದಿತು. ‘ಈಬ್ರೇನ್ಸ್’ ಎಂಬ ಆ ವ್ಯವಸ್ಥೆಗಾಗಿ 2019ರಲ್ಲಿ ಬ್ರಸೆಲ್ಸ್‌ನಲ್ಲಿ ಪ್ರತ್ಯೇಕ ಸಂಸ್ಥೆ ನೋಂದಣಿಯಾಯಿತು. ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಮುಗಿದಾಗ ಒಟ್ಟು ವೆಚ್ಚ 60.7 ಕೋಟಿ ಯೂರೋ, ಅದರಲ್ಲಿ ಯುರೋಪಿಯನ್ ಒಕ್ಕೂಟದ ಪಾಲು 40.6 ಕೋಟಿ. ಮಾನವನ ಮಿದುಳು ಗಣಕಯಂತ್ರದಲ್ಲಿ ಮೂಡಲಿಲ್ಲ. ಉತ್ತಮವಾದ ಮಿದುಳಿನ ನಕ್ಷೆ ಉಳಿಯಿತು.

ಪತ್ರ ಬರೆದವರು ದೂರಿ ಸುಮ್ಮನಾಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಮೈನನ್, ಪೂಜೆ ಮತ್ತು ಇತರ ಸಹೋದ್ಯೋಗಿಗಳು 2017ರಲ್ಲಿ ‘ಇಂಟರ್‌ನ್ಯಾಷನಲ್ ಬ್ರೇನ್ ಲ್ಯಾಬೊರೇಟರಿ’ಯನ್ನು ಹುಟ್ಟುಹಾಕಿದರು. ಸುಮಾರು ಇಪ್ಪತ್ತು ಪ್ರಯೋಗಶಾಲೆಗಳ ಈ ಕೂಟಕ್ಕೆ ಲಂಡನ್‌ನ ವೆಲ್‌ಕಮ್ ಮತ್ತು ನ್ಯೂಯಾರ್ಕ್‌ನ ಸೈಮನ್ಸ್ ಪ್ರತಿಷ್ಠಾನಗಳು ಹಣ ಕೊಟ್ಟುವು. ಇವರು ಎತ್ತಿಕೊಂಡ ಪ್ರಶ್ನೆ ಒಂದೇ: ನಿರ್ಧಾರ ಕೈಗೊಳ್ಳುವಾಗ ಮಿದುಳಿನಲ್ಲಿ ಏನು ನಡೆಯುತ್ತದೆ? ಪರದೆಯ ಎಡಕ್ಕೋ ಬಲಕ್ಕೋ ಪಟ್ಟೆಗಳ ಚಿತ್ರವೊಂದು ಮೂಡುತ್ತದೆ. ಇಲಿಯು ಪುಟ್ಟ ಚಕ್ರವನ್ನು ತಿರುಗಿಸಿ ಅದನ್ನು ನಡುವಿಗೆ ತಂದರೆ ಸಿಹಿನೀರು ಸಿಗುತ್ತದೆ. ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಅದೇ ಚಕ್ರ, ಅದೇ ಪರದೆ, ಅದೇ ತರಬೇತಿ. 2021ರ ವರದಿಯ ಪ್ರಕಾರ ಮೂರು ದೇಶಗಳ ಏಳು ಪ್ರಯೋಗಶಾಲೆಗಳಲ್ಲಿ 140 ಇಲಿಗಳ 50 ಲಕ್ಷ ನಿರ್ಧಾರಗಳು ದಾಖಲಾದುವು. ಕಲಿಯುವ ವೇಗದಲ್ಲಿ ವ್ಯತ್ಯಾಸವಿದ್ದರೂ ಕಲಿತ ಮೇಲಿನ ವರ್ತನೆ ಎಲ್ಲೆಡೆಯಲ್ಲಿಯೂ ಒಂದೇ ಬಗೆಯಾಗಿದ್ದಿತು. ಮುಂದೆ ಹತ್ತು ಪ್ರಯೋಗಶಾಲೆಗಳು ಮಿದುಳಿನ ಒಂದೇ ಸ್ಥಾನಕ್ಕೆ ವಿದ್ಯುತ್‌ಶಲಾಕೆಯನ್ನು ಇಳಿಸಿ ಪರೀಕ್ಷಿಸಿದಾಗ ಶಲಾಕೆಯ ನೆಲೆ ಅಲ್ಲಲ್ಲಿ ಸರಿದಿದ್ದುದು ಕಂಡುಬಂದಿತು. ಯಾವ ದಾಖಲೆ ಸ್ವೀಕಾರ್ಯ, ಯಾವುದು ತ್ಯಾಜ್ಯ ಎಂಬುದಕ್ಕೆ ಸಮಾನ ನಿಯಮಗಳನ್ನು ಗೊತ್ತುಪಡಿಸಿಕೊಳ್ಳಬೇಕಾಯಿತು.

12 ಪ್ರಯೋಗಶಾಲೆಗಳು ಸೇರಿ 139 ಇಲಿಗಳ ಮಿದುಳಿನ 279 ಪ್ರದೇಶಗಳಿಂದ ಆರು ಲಕ್ಷಕ್ಕೂ ಮೀರಿದ ನರಕೋಶಗಳ ದಾಖಲೆಯನ್ನು ‘ನೇಚರ್’ ಪತ್ರಿಕೆಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದುವು. ಆ ಲೇಖನದ ಕರ್ತೃಗಳ ಸಾಲಿನಲ್ಲಿ ಮೊದಲು ಬರುವುದು ಕೂಟದ ಹೆಸರು. ಉಳಿದವರ ಹೆಸರುಗಳು ಅದರ ಕೆಳಗೆ ಅಕಾರಾದಿಯಾಗಿ ಬಂದಿವೆ.