ಕಡಲೂರಿನಲ್ಲಿ ಕಂಡ ನಮ್ಮೂರು



ಕೆಲವು ವರ್ಷಗಳ ಹಿಂದೆ ನಮ್ಮ ಹಾಲು ಉತ್ಪಾದಕರ ಸಂಘದ ಸದಸ್ಯರು ನಲವತ್ತು ಜನ ಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ ಹೋಗಿದ್ದೆವು. ದರ್ಶನವಾದ ಮೇಲೆ ಒಂದು ದಿನ ಮಿಕ್ಕಿತ್ತು. "ಇಷ್ಟು ದೂರ ಬಂದಿದ್ದೀವಿ, ಸಮುದ್ರ ನೋಡ್ಕೊಂಡೇ ಹೋಗಾಣ" ಅಂತ ಎಲ್ಲರೂ ಹಟ ಹಿಡಿದರು. ಮಂಗಳೂರು ಸೇರಿದೆವು. ಸಮುದ್ರವನ್ನೇನೋ ನೋಡಿದೆವು, ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ.

ಮೊದಲು ಕದ್ರಿ ಮಂಜುನಾಥನ ಗುಡಿಗೆ ಹೋದೆವು. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪರ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಸಾವಿರ ವರ್ಷ ದಾಟಿದರೂ ವಿಗ್ರಹ ಉಳಿದಿದೆ, ಮಾಡಿಸಿದವನ ಹೆಸರೂ ಉಳಿದಿದೆ. ಬಿಜೈಯಲ್ಲಿರುವುದು ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ. ಕರ್ನಲ್ ಮಿರಾಜ್‌ಕರ್ ಎಂಬ ವೈದ್ಯರು ತಾಯಿಯ ನೆನಪಿಗಾಗಿ ಕೊಟ್ಟ ಕಟ್ಟಡವದು. 1960ರಲ್ಲಿ ಪ್ರಾರಂಭವಾಯಿತು. ನಾಣ್ಯ, ಶಿಲ್ಪ, ಪಿಂಗಾಣಿ, ಮರದ ಕೆತ್ತನೆ ಎಲ್ಲವೂ ಅಲ್ಲಿವೆ. ತಾಯಿಯ ಹೆಸರಿನಲ್ಲಿ ಊರಿಗೆ ಊರೇ ನೋಡುವಂಥ ಆಸ್ತಿ ಬಿಟ್ಟುಹೋದ ಮಗ!

ಜೆಪ್ಪುವಿನ ಕಡೆ ಹೋದಾಗ ಹೆಂಚಿನ ಮಾತು ಬಂತು. ನಮ್ಮ ಹಳೇ ಶಾಲೆ ಮೇಲಿನ ಮಂಗಳೂರು ಹೆಂಚಿನ ಕೆಳಗೇ ಕೂತು ಅಕ್ಷರ ಕಲಿತವರು ನಾವು. ಆ ಕೈಗಾರಿಕೆಯನ್ನು 1865ರಲ್ಲಿ ಅಲ್ಲಿ ಆರಂಭಿಸಿದವರು ಬಾಸೆಲ್ ಮಿಷನ್ನಿನವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದೂ ಅದೇ ಊರಿನಿಂದ.

ಕೊನೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಗೋಡೆ ತುಂಬ ಬಂದೂಕಿನ ಕಿಂಡಿಗಳು. ಅದೇ ವರ್ಷ ಮಾರ್ಚ್ 11ರಂದು ಇಂಗ್ಲಿಷರೊಡನೆ ಮಂಗಳೂರು ಒಪ್ಪಂದವಾಗಿತ್ತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, "ನಮ್ ದೇವನಹಳ್ಳೀಲಿ ಹುಟ್ಟಿದೋನು ಇಲ್ಲೀಗಂಟ ಬಂದಿದ್ನಾ!" ಅಂದರು. ಆದರೆ ಕರಾವಳಿಯ ಕ್ರೈಸ್ತರಿಗೆ 1784 ಅಂದರೆ ತಮ್ಮ ಹಿರಿಯರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ವರ್ಷ. ಒಂದೇ ಹೆಸರಿಗೆ ಎರಡೂರಲ್ಲಿ ಎರಡು ನೆನಪು. ಇತಿಹಾಸವನ್ನು ಎರಡೂ ಕಡೆ ನಿಂತು ನೋಡಬೇಕೆಂದು ಅಲ್ಲಿ ತಿಳಿಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೊಂದು ನಾಚಿಕೆಯಾಯಿತು. ಮುನ್ನೂರೈವತ್ತು ಕಿಲೋಮೀಟರ್ ಹೋಗಿ ಬುರುಜು ನೋಡಿ ಬಂದ ನಮ್ಮಲ್ಲಿ ದೇವನಹಳ್ಳಿ ಕೋಟೆಯನ್ನು ಸುತ್ತಿ ನೋಡಿದವರು ಎಷ್ಟು ಜನ? 1501ರಲ್ಲಿ ಆವತಿ ವಂಶದ ಮಲ್ಲಭೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಯದು. 1749ರಲ್ಲಿ ಮೈಸೂರು ಸೈನ್ಯ ಮುತ್ತಿಗೆ ಹಾಕಿದಾಗ ಹೈದರಾಲಿ ಹೆಸರು ಮಾಡಿದ್ದು ಇಲ್ಲಿಯೇ. ಮುಂದೆ ಕಲ್ಲಿನ ಕೋಟೆಯಾಯಿತು. 1791ರಲ್ಲಿ ಕಾರ್ನ್‌ವಾಲಿಸ್‌ನ ವಶವಾಯಿತು.

ಕೋಟೆಗಾದರೂ ಹೆಸರಿದೆ. ನಮ್ಮ ಕೆರೆ ಏರಿ ಮೇಲಿನ ವೀರಗಲ್ಲಿಗೆ? ಅದರ ಮೇಲೆ ಕುಡುಗೋಲು ಮಸೆದವರಲ್ಲಿ ನಾನೂ ಒಬ್ಬ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿಯೇ ಅಚ್ಚು ಹಾಕಿಸಿದರು. ಪುಸ್ತಕದಲ್ಲಿ ಬರಹ ಉಳಿದೀತು, ಕಲ್ಲನ್ನು ಉಳಿಸಬೇಕಾದವರು ನಾವು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಎಲ್ಲಿ ನೋಡಿದರೂ ಲೇಔಟು. ಜೆಸಿಬಿಗೆ ಶಾಸನದ ಕಲ್ಲೂ ಒಂದೇ, ಬಂಡೆಯೂ ಒಂದೇ.

ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಕಾಮಗಾರಿ ವೇಳೆ ಸಿಕ್ಕಿತು. ಊರವರು, ಆಸಕ್ತರು ಕೈಗೂಡಿಸಿದರು. ಈಗ ಅದಕ್ಕೊಂದು ಮಂಟಪವಿದೆ. ಅವರಿಗೆ ಆದದ್ದು ನಮಗೆ ಆಗದೇ?

ಹನಿಹನಿ ಹಾಲು ಸೇರಿಸಿ ಇಪ್ಪತ್ತೈದು ವರ್ಷ ಸಂಘ ಕಟ್ಟಿದ ಕೈಗಳಿವು. ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನನ್ನದೊಂದು ಮನವಿ. ವೀರಗಲ್ಲನ್ನು ಇದ್ದಲ್ಲೇ ನೆಟ್ಟಗೆ ನಿಲ್ಲಿಸಿ, ಸುತ್ತ ಬೇಲಿ ಹಾಕೋಣ. ಸಂಘದ ಕಚೇರಿಯಲ್ಲಿ ಒಂದು ಬೀರು ಇಡೋಣ. ಮೊದಲ ದಿನದ ಹಾಲಿನ ಲೆಕ್ಕದ ಪುಸ್ತಕ, ಮೊದಲ ಷೇರಿನ ರಸೀದಿ, ಅಟ್ಟದ ಮೇಲೆ ಧೂಳು ಹಿಡಿದಿರುವ ಸೇರು, ಪಾವು, ಬಳ್ಳ ತಂದು ಅದರಲ್ಲಿ ಜೋಡಿಸೋಣ. ಕೊಟ್ಟವರ ಮನೆಯ ಹಿರಿಯರ ಹೆಸರು ಚೀಟಿಯಲ್ಲಿ ಬರೆಯೋಣ.

ಮುಂದೆ ನಮ್ಮ ಮಕ್ಕಳು ಪ್ರವಾಸ ಹೊರಡುವ ಮುನ್ನ ಅದನ್ನೊಮ್ಮೆ ನೋಡಿ ಹೋಗಲಿ.