ಸುಮ್ನೆ ಬಂದೆ

ಬೆಂಗಳೂರಿನ ಮಹದೇವಪುರದ ಐಟಿ ಕಂಪನಿಗಳಲ್ಲಿ ಕೆಲಸ ಬಿಡುವುದಕ್ಕೆ 'ಪೇಪರ್ ಹಾಕೋದು' ಅನ್ನುತ್ತಾರೆ. ಹಾಕಿದ ಮೇಲೆ ನೋಟಿಸ್ ಪೀರಿಯಡ್ ಮುಗಿಸಬೇಕು, ಲ್ಯಾಪ್‌ಟಾಪು, ಐಡಿ ಕಾರ್ಡು ಒಪ್ಪಿಸಬೇಕು, ಒಂದೊಂದು ವಿಭಾಗದಿಂದಲೂ 'ನೋ ಡ್ಯೂಸ್' ಅನ್ನಿಸಿಕೊಳ್ಳಬೇಕು. ಕಡೆಗೆ 'ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್'. ಇಷ್ಟೂ ವ್ಯವಹಾರ 'ಕ್ವಿಟ್' ಎಂಬ ಪುಟ್ಟ ಪದದ ಹೊಟ್ಟೆಯಲ್ಲಿ ನೂರಾರು ವರ್ಷಗಳಿಂದ ಇದೆ ಅಂದರೆ ಎಚ್‌ಆರ್‌ನವರು ನಂಬಲಿಕ್ಕಿಲ್ಲ.

ಲ್ಯಾಟಿನ್ನಿನ 'ಕ್ವಿಯೇಟುಸ್' ಅಂದರೆ ವಿಶ್ರಾಂತಿಯಲ್ಲಿರುವುದು. ಮಧ್ಯಯುಗದ ಲೆಕ್ಕಪತ್ರಗಳಿಗೆ ಇಳಿದಾಗ ಅದಕ್ಕೆ ಸಾಲದಿಂದ, ಬಾಧ್ಯತೆಯಿಂದ ಬಿಡುಗಡೆಯಾದದ್ದು ಎಂಬ ಅರ್ಥವೂ ಕೂಡಿತು. ಇಂಗ್ಲೆಂಡಿನ ರಾಜಖಜಾನೆಯ ಗುಮಾಸ್ತರು ಲೆಕ್ಕ ಚುಕ್ತಾ ಆದಾಗ 'ಕ್ವಿಯೇಟುಸ್ ಎಸ್ಟ್' ಎಂದು ಬರೆಯುತ್ತಿದ್ದರು. ಈ ಒಂದೇ ಬೇರಿನಿಂದ ಸದ್ದಿಲ್ಲದ 'ಕ್ವಯಟ್', ಬಿಟ್ಟುಹೋಗುವ 'ಕ್ವಿಟ್', ಆರೋಪದಿಂದ ಬಿಡಿಸುವ 'ಅಕ್ವಿಟ್', 'ಪೂರ್ತಿ' ಅನ್ನುವ 'ಕ್ವೈಟ್' ಎಲ್ಲವೂ ಚಿಗುರಿದವು. ಕ್ವಯಟ್, ಕ್ವೈಟ್‌ಗಳ ಸ್ಪೆಲಿಂಗು ಅದಲುಬದಲು ಮಾಡಿ ಶಾಲೆಯಲ್ಲಿ ನಾನು ತಿಂದ ಏಟಿಗೆ ಲೆಕ್ಕವಿಲ್ಲ. ಅವು ಅಕ್ಕತಂಗಿಯರೆಂದು ಆಗಲೇ ಗೊತ್ತಿದ್ದರೆ ಮೇಷ್ಟ್ರ ಮುಂದೆ ವಾದಕ್ಕಾದರೂ ಒಂದು ದಾರಿ ಇರುತ್ತಿತ್ತು.

2022ರಲ್ಲಿ ಲೋಕವೆಲ್ಲ ಹಬ್ಬಿದ 'ಕ್ವಯಟ್ ಕ್ವಿಟಿಂಗ್' ಎಂಬ ಮಾತು, ಅಂದರೆ ರಾಜೀನಾಮೆ ಕೊಡದೆ, ಸಂಬಳಕ್ಕೆ ಎಷ್ಟೋ ಅಷ್ಟೇ ಕೆಲಸ ಮಾಡಿಕೊಂಡಿರುವುದು, ಹುಟ್ಟಿನ ಲೆಕ್ಕದಲ್ಲಿ ಒಂದೇ ಪದವನ್ನು ಎರಡು ಸಲ ಹೇಳಿದ ಹಾಗೆ. ಶೇಕ್ಸ್‌ಪಿಯರ್ 'ಹ್ಯಾಮ್ಲೆಟ್'ನಲ್ಲಿ ಖಜಾನೆಯ ಆ 'ಕ್ವಿಯೇಟುಸ್' ಅನ್ನೇ ಸಾವಿಗೆ ಬಳಸಿದ. ನಮಗಿದು ಹೊಸದೇನೂ ಅಲ್ಲ. ಯಾರಾದರೂ ತೀರಿಕೊಂಡರೆ 'ಋಣ ತೀರಿತು' ಅನ್ನುವವರು ನಾವು; 'ತೀರಿಕೊಂಡರು' ಎಂಬುದರಲ್ಲೂ ಅದೇ ತೀರುವಿಕೆ ಇದೆ.

ಸದ್ದಿಲ್ಲದಿರುವುದಕ್ಕೆ ಇಂಗ್ಲಿಷಿನಲ್ಲಿರುವ ಮಿಕ್ಕ ಪದಗಳ ಕಥೆ ಇಷ್ಟು ಉದ್ದವಿಲ್ಲ. ಆನ್‌ಲೈನ್ ಮೀಟಿಂಗಿನಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ 'ಮ್ಯೂಟ್', ಸಂಸ್ಕೃತದ 'ಮೂಕ'ಕ್ಕೆ ದಾಯಾದಿ. 'ಕಾಮ್' ಬಂದದ್ದು ಉರಿಸೆಕೆ ಎಂಬರ್ಥದ ಗ್ರೀಕ್ ಪದದಿಂದ. ಮಟಮಟ ಮಧ್ಯಾಹ್ನ ಜನ ಕೆಲಸ ಬಿಟ್ಟು ನೆರಳಿಗೆ ಸರಿದಾಗ ಊರಿಗೆ ಕವಿಯುವ ಶಾಂತಿ ಅದು. 'ಸ್ಟಿಲ್' ಮೊದಲು ಅಲುಗಾಡದ್ದು, ಆಮೇಲೆ ಸದ್ದಿಲ್ಲದ್ದು. ನಿಂತರೆ ಸದ್ದೂ ನಿಲ್ಲುತ್ತದೆ ಎಂದು ನಂಬಿದ ಜನ ಔಟರ್ ರಿಂಗ್ ರೋಡ್ ನೋಡಿರಲಿಲ್ಲ. ಮಹದೇವಪುರದಿಂದ ಮಾರತಹಳ್ಳಿಯವರೆಗೆ ಸಂಜೆ ಏಳಕ್ಕೆ ಸಂಚಾರ ಸ್ತಬ್ಧ. ಆದರೆ ನಿಶ್ಶಬ್ದವಲ್ಲ. ಆಸ್ಪತ್ರೆ, ಶಾಲೆಗಳ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಸಾರಬಹುದು, ಅಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಬೋರ್ಡುಗಳೇನೋ ಇವೆ. ಅವುಗಳಲ್ಲಿ 'ನಿಶ್ಶಬ್ದ' ಸರಿಯಾಗಿ ಬರೆದದ್ದನ್ನು ಕಂಡರೆ ನಾನು ನಿಂತು ಎರಡನೇ ಸಲ ಓದುತ್ತೇನೆ.

'ಮೌನ'ಕ್ಕೆ ಮಡಿ ಜಾಸ್ತಿ. ಮುನಿಯ ಇರವೇ ಮೌನ. ಅದಕ್ಕೊಂದು ವ್ರತ, ಒಂದು ಆಚರಣೆ ಬೇಕು. (ಮುನಿಸಿನ 'ಮುನಿ' ಬೇರೆ, ಅದು ನಮ್ಮದೇ ದ್ರಾವಿಡ ಧಾತು. ಮನೆಯಲ್ಲಿ ಮಾತ್ರ ಎರಡೂ ಒಂದೇ ದಿನ ಬರುವುದುಂಟು.) ದಿನಬಳಕೆಗೆ ನಾವು ಇಟ್ಟುಕೊಂಡಿರುವುದು 'ಸುಮ್ಮನೆ'. ಅದಕ್ಕೆ ಸದ್ದಿನ ಗೊಡವೆಯೇ ಹೆಚ್ಚಿಲ್ಲ. 'ಸುಮ್ನಿರು' ಅಂದರೆ ಬಾಯಿ ಮುಚ್ಚು ಅಂತಲೂ ಹೌದು, ಜಗಳಕ್ಕೆ ಹೋಗಬೇಡ ಅಂತಲೂ ಹೌದು. ಪ್ರಾಜೆಕ್ಟಿಲ್ಲದೆ ಬೆಂಚಿನಲ್ಲಿರುವ ಹುಡುಗ ಪಾಡ್‌ಕಾಸ್ಟ್ ಹಾಕಿಕೊಂಡಿದ್ದರೂ 'ಸುಮ್ನೆ ಕೂತಿದಾನೆ'. 'ಸುಮ್‌ಸುಮ್ನೆ ಬೈದ' ಅಂದರೆ ಕಾರಣವಿಲ್ಲ, 'ಸುಮ್ನೆ ಹೇಳ್ದೆ' ಅಂದರೆ ನಿಜವಲ್ಲ. ಸಂತೆಯಲ್ಲಿ ಅಜ್ಜಿ 'ಸುಮ್ನೆ ಕೊಟ್ರೂ ಬೇಡ' ಅಂದಾಗ ದುಡ್ಡಿಲ್ಲ. ಲಂಡನ್ನಿನ ಗುಮಾಸ್ತನೂ ನಮ್ಮ ಸಂತೆಯ ಅಜ್ಜಿಯೂ ಬೇರೆ ಬೇರೆ ದಾರಿ ಹಿಡಿದು ತಲುಪಿದ್ದು ಒಂದೇ ಕಡೆಗೆ: ಯಾರಿಗೂ ಏನೂ ಕೊಡಬೇಕಿಲ್ಲದವನೇ ಸುಮ್ಮನಿರುವವನು.

ಕಂಪನಿಯ ಕ್ಯಾಂಟೀನಿನಲ್ಲಿ ಈ ಪದದ ಬಳಗ ಒಂದೇ ಮೇಜಿಗೆ ಊಟಕ್ಕೆ ಕೂರುತ್ತದೆ. ತಮಿಳರ 'ಸುಮ್ಮಾ', ಮಲಯಾಳಿಗಳ 'ಚುಮ್ಮಾ' ನಮ್ಮ ಪದದ ಒಡಹುಟ್ಟುಗಳು. ತೆಲುಗಿನವರ ಪದ ಬೇರೆ, ಬುದ್ಧಿ ಅದೇ: 'ಊರುಕೋ' ಅಂದರೆ ಸುಮ್ಮನಿರು, 'ಊರಿಕೇ' ಅಂದರೆ ಸುಮ್ಮನೆ. ಹಿಂದಿಯವರಿಗೆ 'ಚುಪ್' ಒಂದು ಕಡೆ, 'ಐಸೇ ಹೀ' ಇನ್ನೊಂದು ಕಡೆ. ಬೆಳಗಾವಿ ಕಡೆಯವರ ಗುಟ್ಟು ಬೇರೆಯೇ. ಅವರು ಗಪ್ಪಾ ಹೊಡೆದರೆ ಹರಟೆ, ಗಪ್ ಕುಂತರೆ ಮೌನ.

1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಭೂಮಿ ಕೊಟ್ಟು, ಸಂಘದ ಡಿ.ಎಸ್. ವೈಟ್ ಹೆಸರಲ್ಲಿ ವೈಟ್‌ಫೀಲ್ಡ್ ಎದ್ದಾಗಲೇ ಇಂಗ್ಲಿಷ್ ಈ ಸೀಮೆಗೆ ಸಂಸಾರ ಸಮೇತ ಬಂದಿತ್ತು. ಇಲ್ಲಿನ ಟೆಕ್ ಪಾರ್ಕು ಐಟಿಪಿಎಲ್ ಬಾಗಿಲು ತೆರೆದದ್ದು 1998ರಲ್ಲಿ. ಇಷ್ಟು ಕಾಲ ನಮ್ಮ ಜೊತೆ ಬಾಳಿದ ಮೇಲೆ ಇಂಗ್ಲಿಷೂ ಒಂದು ಚಾಳಿ ಕಲಿತಿದೆ. ಅದು ಗೊತ್ತಾದದ್ದು ಹೋದ ಚಳಿಗಾಲದಲ್ಲಿ, ತಮ್ಮನ ಮಗನನ್ನು ನೋಡಲು ಅವನ ಆಫೀಸಿಗೆ ಹೋದಾಗ. ಗೇಟಿನ ಸೆಕ್ಯೂರಿಟಿ ಹುಡುಗ ಟ್ಯಾಬ್ ಹಿಡಿದು 'ಕಿಸ್ ಕಾಮ್ ಸೇ?' ಅಂದ. 'ಸುಮ್ನೆ' ಅಂದೆ. ಅವನಿಗೆ ತಿಳಿಯಲಿಲ್ಲ, ಟ್ಯಾಬಿನಲ್ಲೂ ಅಂಥದ್ದೊಂದು ಬಟನ್ ಇರಲಿಲ್ಲ. ಅಷ್ಟರಲ್ಲಿ ತಮ್ಮನ ಮಗ ಗೆಳೆಯನೊಬ್ಬನ ಜೊತೆ ಕೆಳಗಿಳಿದು ಬಂದ.

"ಏನ್ ದೊಡ್ಡಪ್ಪ, ಫೋನೂ ಮಾಡ್ದೆ?"

"ಸುಮ್ನೆ ಬಂದೆ ಕಣೋ."

ಎಲ್ಲ ಸರಿಯಿದೆಯಾ, ಏನಾದರೂ ಅರ್ಜೆಂಟಾ ಎಂದು ಗೆಳೆಯ ಇಂಗ್ಲಿಷಿನಲ್ಲಿ ವಿಚಾರಿಸಿದ. ಇವನು ತಲೆಯಾಡಿಸಿ, 'ನೋ ನೋ, ಸಿಂಪ್ಲಿ ಹೀ ಕೇಮ್' ಅಂದ. ಗೆಳೆಯ ಕೊಚ್ಚಿಯವನಂತೆ, ಮರುಮಾತಿಲ್ಲದೆ ಅರ್ಥವಾಯಿತು. ಸೆಕ್ಯೂರಿಟಿ ಹುಡುಗ ನನ್ನ ಕೈಲಿದ್ದ ಅವರೆಕಾಯಿ ಚೀಲ ನೋಡಿ 'ಡೆಲಿವರಿ' ಒತ್ತಿ ಒಳಗೆ ಬಿಟ್ಟ.