ಸಂಬಳ ಚೀಟಿಯಲ್ಲಿ ಟಿಡಿಎಸ್ ಸೊನ್ನೆಯಾದ ಕಥೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ನಮ್ಮೂರ ಹುಡುಗರಲ್ಲಿ ವರ್ಷಕ್ಕೆ ಎಂಟು ಲಕ್ಷ ಸಂಬಳದವರಿಗೂ ಟಿಡಿಎಸ್ ಸೊನ್ನೆಯಾಗಬಹುದು. ಕಾರಣ 87ಎ ರಿಯಾಯಿತಿ. 2013ರಲ್ಲಿ ಬಂದಾಗ ಅದು ಬರೀ 2,000 ರೂಪಾಯಿ. 2019ರಲ್ಲಿ 12,500 ಆಯಿತು. 2025ರ ಬಜೆಟ್‌ನಲ್ಲಿ, ಹೊಸ ಪದ್ಧತಿಯಡಿ 12 ಲಕ್ಷ ಆದಾಯದವರೆಗೆ 60,000. ಸಂಬಳ ಕೊಡುವವರು ಇದನ್ನು ಕಳೆದೇ ತಿಂಗಳ ಕಡಿತ ಲೆಕ್ಕ ಹಾಕುತ್ತಾರೆ.

ನಾವು ಗಮನಿಸಿದ ಗೊಂದಲ ಒಂದಿದೆ. ತೆರಿಗೆ 10,000 ಬಂದರೆ ರಿಯಾಯಿತಿಯೂ 10,000 ಮಾತ್ರ. ಮಿಕ್ಕ 50,000 ಯಾರ ಕೈಗೂ ಬರದು. ಆದರೆ ಮೊದಲೇ ಮುರಿದುಕೊಂಡ ಟಿಡಿಎಸ್ ನಮ್ಮದೇ ದುಡ್ಡು, ಅದು ವಾಪಸ್ ಬರುತ್ತದೆ.

ಸಣ್ಣ ಗುತ್ತಿಗೆದಾರರ ಪಾಡು ಬೇರೆ. ಅವರ ಬಿಲ್ಲಿನಲ್ಲಿ ಶೇ 1 ಮುರಿಯುವಾಗ ಯಾರೂ ರಿಯಾಯಿತಿ ನೋಡುವುದಿಲ್ಲ. ರಿಟರ್ನ್ ಸಲ್ಲಿಸಿದರಷ್ಟೇ ಆ ಹಣ ಬರುತ್ತದೆ.